ಗುಡ್ಡೆಯ ಸಾಕ್ಷಿ

ಅಂಕಯ್ಯ ತನ್ನ ಬಾಳಿನಲ್ಲಿ ಗೆದ್ದದ್ದು ಒಂದೇ ಒಂದು ವ್ಯಾಜ್ಯ. ಆದರೆ ಆ ಒಂದನ್ನೇ ಅವನು ನೂರಾರು ಸಲ ಗೆದ್ದಿದ್ದ. ಮದುವೆಯ ಚಪ್ಪರವಿರಲಿ, ಹಾಲಿನ ಡೇರಿಯ ಜಗಲಿಯಿರಲಿ, ಕಬ್ಬು ಕಡಿಯುವವರು ಮುದ್ದೆ ಉಣ್ಣಲು ಕುಳಿತ ಬದುವಿರಲಿ, ಯಾರಾದರೊಬ್ಬರು ಕೆದಕಿದರೆ ಸಾಕು, ಮಳವಳ್ಳಿಯ ಭೂ ನ್ಯಾಯಮಂಡಳಿ ಅವನ ನಾಲಗೆಯ ಮೇಲೆ ಮತ್ತೆ ಸಭೆ ಸೇರುತ್ತಿತ್ತು.

ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಕಾಲವದು. ಪೂರಿಗಾಲಿಯ ಎಲ್ಲೆಯಲ್ಲಿ ಮೈಸೂರಿನ ರಾಯರೊಬ್ಬರಿಗೆ ಸೇರಿದ್ದ ಜಮೀನನ್ನು ಅಂಕಯ್ಯನ ಅಪ್ಪ ಗೇಣಿಗೆ ಉಳುತ್ತಲೇ ಸವೆದು, ಅಲ್ಲಿಯೇ ಮಣ್ಣಾಗಿದ್ದ. ಮೀಸೆ ಮೂಡಿದಷ್ಟರಲ್ಲೇ ಮನೆಯ ನೊಗ ಹೊತ್ತ ಅಂಕಯ್ಯ ಗೇಣಿದಾರನ ಹಕ್ಕಿಗೆಂದು ಅರ್ಜಿ ಹಾಕಿದಾಗ ಅವನ ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ರಾಯರ ಪಾರುಪತ್ತೇಗಾರನ ಕೈಯಲ್ಲಾದರೋ, ‘ನಾನು ಬರಿಯ ಕೂಲಿಯಾಳು, ಈ ಭೂಮಿಯಲ್ಲಿ ನನಗೆ ಯಾವ ಹಕ್ಕೂ ಇಲ್ಲ’ ಎಂದು ಅಪ್ಪನೇ ಬದುಕಿದ್ದಾಗ ಹೆಬ್ಬೆಟ್ಟು ಒತ್ತಿಕೊಟ್ಟ ಕಾಗದವಿತ್ತು. ವಾಯಿದೆಯ ಮೇಲೆ ವಾಯಿದೆ ಬಿದ್ದು, ಮಳವಳ್ಳಿಗೆ ಅಲೆದಲೆದು ಅಂಗಾಲು ಬಿರಿದು, ಮನೆಯ ಎತ್ತು ಸಂತೆಗೆ ಹೋಗಿ, ಕಡೆಗೊಮ್ಮೆ ಅವನ ಸರದಿ ಬಂತು. ಪಾರುಪತ್ತೇಗಾರ ಕಾಗದವನ್ನು ಎತ್ತಿ ತೋರಿಸಿ ಕುಳಿತ. ಅಂಕಯ್ಯ ಎದ್ದು ನಿಂತ.

“ಸ್ವಾಮಿ, ಕೂಲಿಯೋನು ಕೂಲಿ ಮುಗುದ್ ಮ್ಯಾಲೆ ಮನೇಗೋಯ್ತಾನೆ. ನಮ್ಮಪ್ಪ ಇನ್ನೂ ಅಲ್ಲೇ ಅವ್ನೆ. ಬಂದು ನೋಡಿ. ಉಳೋನಿಗಲ್ದೆ ಊಳಕ್ಕೆ ಜಾಗ ಯಾರು ಕೊಟ್ಟಾರು?”

ಮಂಡಳಿಯವರು ಜೀಪಿನಲ್ಲಿ ಬಂದರು. ಬದುವಿನ ಅಂಚಿನಲ್ಲಿ ತುಂಬೆಗಿಡ ಮುಚ್ಚಿದ್ದ ಗುಡ್ಡೆ (ಹೂತ ಜಾಗದ ಮೇಲೆ ಏರಿಸಿದ ಮಣ್ಣಿಗೆ ನಮ್ಮ ಕಡೆ ಹಾಗೆನ್ನುತ್ತಾರೆ) ಅವರ ಕಣ್ಣಿಗೆ ಬಿತ್ತು. ಅಧ್ಯಕ್ಷರು ಅದರ ಮುಂದೆ ಮೆಟ್ಟು ಕಳಚಿ ನಿಂತರು. “ಅವ್ರು ಮೆಟ್ಟು ಬುಟ್ಟ ಗಳಿಗೇಲೇ ಜಮೀನು ನಂದಾಯ್ತು ಕಣ್ರಲಾ,” ಎಂದು ಅಂಕಯ್ಯ ತೊಡೆ ತಟ್ಟಿ ಮುಗಿಸುತ್ತಿದ್ದ.

ಅವನು ಸಭೆಯಲ್ಲಿ ಹೇಳದೆ ಉಳಿಸಿಕೊಂಡ ಸಂಗತಿಯೂ ಒಂದಿತ್ತು. ಆ ಜಾಗವನ್ನು ರಾಯರು ಕೊಟ್ಟದ್ದು ಹಕ್ಕೆಂದಲ್ಲ, ಬರಿಯ ದಾಕ್ಷಿಣ್ಯಕ್ಕೆ. ಹೆಣವನ್ನು ಮುಂದಿಟ್ಟುಕೊಂಡು ಅಳುತ್ತಿದ್ದ ಅಂಕಯ್ಯನ ಅವ್ವನ ಮುಖ ನೋಡಲಾರದೆ, ‘ಆಗಲಿ, ಅಲ್ಲೇ ಮಣ್ಣು ಮಾಡಿ’ ಎಂದು ಒಂದು ಮಾತು ಆಡಿದ್ದರು. ಆ ಒಂದು ಮಾತು ಅವರ ಭೂಮಿಯನ್ನೇ ನುಂಗಿತು. ಇದನ್ನು ಅಂಕಯ್ಯ ಹೇಳುತ್ತಿರಲಿಲ್ಲ ನಿಜ, ಮರೆತೂ ಇರಲಿಲ್ಲ.

ಕಾಲ ಉರುಳಿತು. ಅಂಕಯ್ಯ ಅಕ್ಕಪಕ್ಕದ ತಾಕುಗಳನ್ನೂ ಕೊಂಡು ಊರಿನಲ್ಲಿ ನಾಲ್ಕು ಜನ ಎದ್ದು ಕೈಮುಗಿಯುವಂಥವನಾದ. ಮಗ ಚಲುವರಾಜು ಮದ್ದೂರಿನಲ್ಲಿ ಮೇಷ್ಟರಾದ. ಅವನ ಕೈ ಸೀಮೆಸುಣ್ಣಕ್ಕೆ ಒಗ್ಗಿತೇ ಹೊರತು ಗುದ್ದಲಿಗೆ ಒಗ್ಗಲಿಲ್ಲ. ಹೀಗಾಗಿ ಅಂಕಯ್ಯ ಗದ್ದೆಯ ಒಂದು ಪಾಲನ್ನು ದುದ್ದದ ಕಡೆಯಿಂದ ಬಂದು ನೆಲೆಸಿದ್ದ ದೊಡ್ಡಬೀರಯ್ಯನಿಗೆ ವಾರಕ್ಕೆ ಕೊಟ್ಟಿದ್ದ. ವಾರವೆಂದರೆ ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಉತ್ತವನಿಗೆ. ಕಾಗದವಿಲ್ಲ, ಪತ್ರವಿಲ್ಲ, ಎಲ್ಲವೂ ಬಾಯಿಮಾತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಆ ಬಾಯಿಮಾತಿನಲ್ಲಿ ಅಂಕಯ್ಯ ಎರಡು ಕಟ್ಟಳೆಗಳನ್ನು ಎಂದೂ ಸಡಿಲಿಸಿರಲಿಲ್ಲ. ಬೀರಯ್ಯ ಒಂದೇ ತಾಕಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಉಳುವಂತಿಲ್ಲ. ಎಲ್ಲಿಯೂ ಒಂದು ತೆಂಗಿನ ಸಸಿಯನ್ನು ಕೂಡ ನೆಡುವಂತಿಲ್ಲ. ಬೇರು ಬಿಡುವುದೆಂದರೆ ಏನೆಂಬುದು ಬೇರು ಬಿಟ್ಟವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

“ಅಣ್ಣಯ್ಯ, ನಾನೇನು ಎಮ್ಮೆಯೇನಪ್ಪ? ಎರಡು ವರ್ಸಕ್ಕೊಂದ್ಸಲ ಗೂಟ ಕಿತ್ತು ಬ್ಯಾರೆ ಕಡೆ ಕಟ್ತೀಯಲ್ಲ,” ಎಂದು ಬೀರಯ್ಯ ಕೆಣಕುತ್ತಿದ್ದ.

“ಎಮ್ಮೆ ಆಗಿದ್ರೆ ಆಲಾದ್ರೂ ಕೊಡ್ತಿದ್ದೆ ಕಣ್ಲಾ,” ಎಂದು ಅಂಕಯ್ಯ ನಗುತ್ತಿದ್ದ.

ಇಬ್ಬರೂ ಒಂದೇ ಬೀಡಿಕಟ್ಟಿನಿಂದ ಸೇದುವಷ್ಟು ಸಲಿಗೆ. ಅಂಕಯ್ಯನಿಗೆ ಎದೆನೋವು ಬಂದ ರಾತ್ರಿ ಮಂಡ್ಯದ ಆಸ್ಪತ್ರೆಗೆ ಹೊತ್ತು ಹಾಕಿದವನು ಬೀರಯ್ಯನೇ. ಗೇಣಿಯ ಕತೆಯನ್ನು ಬೀರಯ್ಯನಷ್ಟು ಸಲ ಕೇಳಿದವನೂ ಇನ್ನೊಬ್ಬನಿರಲಿಲ್ಲ. ಅವನು ಮೊದಲು ಉತ್ತ ತಾಕಿನ ತಲೆಯಲ್ಲಿ ಕಲ್ಲುಮೂಲೆ ಎಂಬ ತುಂಡು ನೆಲವಿತ್ತು. ಅಂಕಯ್ಯನ ಕಾಲದಲ್ಲಿ ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಬೀರಯ್ಯನೂ ಅವನ ಹೆಂಡತಿ ಮೀನಾಕ್ಷಮ್ಮನೂ ಎರಡು ಬೇಸಗೆ ಕಲ್ಲು ಆರಿಸಿ ಅದನ್ನು ಉಳುವ ಮಣ್ಣು ಮಾಡಿದರು. ಮೊದಲ ರಾಗಿ ತೆನೆ ಕಟ್ಟಿದ ವರ್ಷವೇ ಅವರ ಗೂಟ ಬೇರೆ ತಾಕಿಗೆ ಹೋಯಿತು.

ಈ ಸಲದ ಕಾರ್ತಿಕದಲ್ಲಿ, ನಾಲೆ ತುಂಬಿ ಹರಿಯುತ್ತಿದ್ದು ಭತ್ತ ಇನ್ನೇನು ಹಳದಿಗೆ ತಿರುಗಬೇಕೆನ್ನುವಾಗ, ಒಂದು ಬೆಳಿಗ್ಗೆ ಬೀರಯ್ಯನ ಮಗ ಹೇಮಂತ್ ಬಂದು ಅಂಗಳದಲ್ಲಿ ನಿಂತ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದ ಆ ಹುಡುಗ ಹಿಂದಿನ ರಾತ್ರಿಯಷ್ಟೇ ಊರಿಗೆ ಬಂದಿದ್ದ.

“ದೊಡ್ಡಯ್ಯ, ಅಪ್ಪ ಓಗ್ಬುಟ್ಟ.”

“ಏನಂದ್ಲಾ?”

“ಕಾಪಿ ಲೋಟ ಕೈಲಿಡ್ಕಂಡಿದ್ದಂಗೇ.”

ಅಂಕಯ್ಯ ಜಗಲಿಯ ಮೇಲೆ ಕುಳಿತ. ತಮ್ಮನೇ ಹೋದಂಥ ದುಃಖ ಅವನದು, ಅದರಲ್ಲಿ ಸುಳ್ಳಿರಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, “ಏನ್ ಬೇಕೋ ಕೇಳ್ಲಾ ಮಗ, ನಾಚ್ಕಬ್ಯಾಡ. ಅವ್ನು ನನ್ ಒಡುಟ್ಟಿದೋನಿಗಿಂತ ಎಚ್ಚು,” ಎಂದ.

ಹೇಮಂತ್ ನೆಲ ನೋಡುತ್ತ ನಿಂತಿದ್ದ. “ಕಲ್ಲುಮೂಲೇಲಿ ಆರಡಿ ಜಾಗ ಬೇಕು. ಓದ್ ವರ್ಸ ಉಸಾರಿಲ್ದೆ ಆಸ್ಪತ್ರೆಲಿದ್ದಾಗ್ಲೇ ಅಪ್ಪ ಕೇಳ್ಕಂಡಿದ್ದ. ‘ಅಣ್ಣಯ್ಯ ಇಲ್ಲ ಅನ್ನಲ್ಲ, ನೀನೇ ಓಗ್ ಕೇಳು’ ಅಂದಿದ್ದ.”

ಅಂಕಯ್ಯ ಟವಲನ್ನು ಮಡಿಸಿ ಮತ್ತೆ ಹೆಗಲಿಗೇರಿಸಿದ. “ನಾಲೆ ತಾವ ಊರೊಟ್ಟಿನ ಮಸಾಣದ ಜಾಗ ಅದೆಯಲ್ಲ,” ಎಂದ. “ಗುಂಡಿಗೆ ಜೆಸಿಬಿ ಕಳುಸ್ತೀನಿ. ತಿಥಿ ಊಟದ ಅಕ್ಕಿ ಬ್ಯಾಳೆ ಎಲ್ಲಾ ನಂದು. ನಿಮ್ಮವ್ವಂಗೆ ಏಳು, ಯಾವುದ್ಕೂ ಯೋಚ್ನೆ ಮಾಡ್ಬ್ಯಾಡ ಅಂತ.”

“ಜಾಗ ಕೇಳಿದ್ರೆ ಜೆಸಿಬಿ ಕೊಡ್ತೀರಲ್ಲ ದೊಡ್ಡಯ್ಯ. ನಾಲೆ ತಾವ ಈಗ ಗುದ್ಲಿ ಆಕಿದ್ರೆ ನೀರು ಉಕ್ತದೆ.”

“ಎಲ್ಲಾರ್ನೂ ಅಲ್ಲೇ ಅಲ್ವೇನ್ಲಾ ಮಡಗೋದು?”

“ಜಮೀನಿಲ್ದೋರ್ನ ಮಡಗ್ತಾರೆ.” ಹುಡುಗ ತಲೆಯೆತ್ತಿದ. “ನಂಗೆ ಅಕ್ಕು ಪಕ್ಕು ಏನೂ ಬ್ಯಾಡ. ಬೇಕಾದ್ರೆ ಬರ್ದು ಕೊಡ್ತೀನಿ. ಈ ಭೂಮೀಲಿ ನಮ್ದೇನೂ ಇಲ್ಲ ಅಂತ ಸಯಿನ್ ಆಕ್ತೀನಿ.”

“ನಮ್ಮಪ್ಪನೂ ಆಕಿದ್ದ ಕಣ್ಲಾ,” ಎಂದು ಅಂಕಯ್ಯನ ಬಾಯಿಂದ ತಾನಾಗಿ ಬಂತು. ಆಡಿದ ಮೇಲೆ ಅವನಿಗೇ ಅದರ ಭಾರ ತಿಳಿಯಿತು. ಅವನು ಎದ್ದು ಒಳಗೆ ಹೋದ.

ನಡುಮನೆಯಲ್ಲಿ ಮೊಮ್ಮಗಳು ಚಂದನ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಮಂಡ್ಯಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಕಾನೂನು ಓದುತ್ತಿದ್ದ ಹುಡುಗಿ. ತಾತನ ಕತೆಯನ್ನು ಕೇಳಿ ಕೇಳಿಯೇ ಆ ಓದಿಗೆ ಸೇರಿದವಳು.

“ಕೊಡಿ ತಾತ. ಏನೂ ಆಗಲ್ಲ,” ಎಂದಳು. “ಆ ಹಕ್ಕು ಇದ್ದದ್ದು ಎಪ್ಪತ್ನಾಲ್ಕಕ್ಕೆ ಮುಂಚೆ ಗೇಣಿ ಮಾಡ್ತಿದ್ದೋರಿಗೆ. ಅರ್ಜಿ ಹಾಕೋ ಗಡುವು ನಮ್ಮಪ್ಪ ಚಡ್ಡಿ ಹಾಕ್ತಿದ್ದಾಗಲೇ ಮುಗೀತು. ಈಗ ಅಲ್ಲಿ ಒಂದಲ್ಲ, ಹತ್ತು ಗುಡ್ಡೆ ಇದ್ರೂ ಯಾವ ಕೋರ್ಟೂ ತಿರುಗಿ ನೋಡಲ್ಲ. ಬೀರಜ್ಜ ಇಲ್ಲಿ ಉತ್ತಿದ್ರು ಅನ್ನೋದೇ ಪಹಣೀಲಿಲ್ಲ.”

“ನೀನು ಓದಿರೋ ಕಾನೂನು ಇವತ್ತಿಂದು ಕಣವ್ವ.”

“ಇವತ್ತಿಂದಲ್ದೆ ಇನ್ಯಾವತ್ತಿಂದು ಬೇಕು?”

ಅಂಕಯ್ಯ ಗೋಡೆಗೆ ಒರಗಿದ. “ನಮ್ಮಪ್ಪನ್ನ ಊತಾಗ ಯಾವ ಕಾನೂನಿತ್ತು? ರಾಯರಿಗೂ ಯಾರೋ ಓದ್ದೋರು ಇಂಗೇ ಏಳಿರ್ತಾರೆ, ‘ಕೊಡಿ, ಏನೂ ಆಗಲ್ಲ’ ಅಂತ. ಗುಡ್ಡೆ ಮೊದ್ಲು ಬಂತು ಚಂದನ, ಕಾನೂನು ಆಮ್ಯಾಲೆ ಬಂತು. ನಾಳೆ ಇನ್ನೊಂದು ಬಂದ್ರೆ? ಆಗ ನಾನಿರಕಿಲ್ಲ. ನಿಮ್ಮಪ್ಪ ನಿಂತ್ಕಂಡು ಏನಂತಾನೆ?”

ತಾತ ಹೇಳಿದ್ದು ಮೂರ್ಖತನವಾಗಿದ್ದರೆ ಚಂದನ ವಾದಿಸುತ್ತಿದ್ದಳು. ಕಾನೂನಿನ ಪುಸ್ತಕದಲ್ಲಿ ನಾಳೆಯ ಪುಟವಿಲ್ಲವೆಂಬುದನ್ನು ಅವಳೂ ಬಲ್ಲಳು.

ಅಡುಗೆಮನೆಯ ಬಾಗಿಲಲ್ಲಿ ಅಂಕಯ್ಯನ ಹೆಂಡತಿ ಶಿವನಂಜಮ್ಮ ಸೆರಗು ಬಿಗಿದುಕೊಂಡು ನಿಂತಿದ್ದಳು. “ನಿನ್ ನ್ಯಾಯ ನಿನ್ ಗಂಟ್ಲಲ್ಲೇ ಸಿಕ್ಕಾಕ್ಕಳ್ಲಿ,” ಎಂದಳು. “ಸಾವಿನ ಮನೇಗೆ ಓಯ್ತೀನಿ. ಅಲ್ಲಿ ಯಾವ ಮೊಕ ತೋರ್ಸ್ಲಿ, ಅದ್ನೂ ನೀನೇ ಏಳ್ಬುಡು.”

ಅಂಕಯ್ಯ ಹೊರಗೆ ಬರುವಷ್ಟರಲ್ಲಿ ಅಂಗಳ ಬರಿದಾಗಿತ್ತು.

ಮಧ್ಯಾಹ್ನ ನಾಲೆಯ ಪಕ್ಕದ ಊರೊಟ್ಟಿನ ಸ್ಮಶಾನದಲ್ಲಿ ಗುಂಡಿ ತೋಡಿದರು. ಅಂಕಯ್ಯ ಕಳಿಸಿದ ಜೆಸಿಬಿಯನ್ನು ಹೇಮಂತ್ ರಸ್ತೆಯಿಂದಲೇ ಹಿಂದಕ್ಕೆ ಕಳಿಸಿದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ತಳದಿಂದ ನೀರು ಒಸರಿತು. ಸೊಂಟದುದ್ದ ಇಳಿದಾಗ ಬಕೀಟಿನಲ್ಲಿ ಮೊಗೆದು ಎಸೆಯಬೇಕಾಯಿತು. ಎಸೆದಷ್ಟೂ ಬಂತು. ಕೊನೆಗೆ ಹಿರಿಯರೊಬ್ಬರು, “ಸಾಕು ಬುಡ್ರಪ್ಪ, ಗಂಗಮ್ಮನೇ ಒಪ್ಪುಸ್ಕಳ್ಳಿ,” ಎಂದರು. ಒಣಹುಲ್ಲು ಹಾಸಿ, ಅದರ ಮೇಲೆ ಬೀರಯ್ಯನನ್ನು ಇಳಿಸಿದರು. ಹುಲ್ಲು ಒಮ್ಮೆ ತೇಲಿ, ಭಾರಕ್ಕೆ ಮೆಲ್ಲನೆ ಮುಳುಗಿತು. ಬದುಕಿದ್ದಾಗ ಬೇರೆಯವರ ಗದ್ದೆಯ ಕೆಸರಿನಲ್ಲಿ ನಿಂತವನು ಸತ್ತ ಮೇಲೂ ಕೆಸರಿನಲ್ಲೇ ಮಲಗಿದ.

ಅಂಕಯ್ಯ ಒಂದು ಹಿಡಿ ಮಣ್ಣು ಹಾಕಲು ಮುಂದೆ ಬಂದ. ಜನ ದಾರಿ ಬಿಟ್ಟರು. ಗುಂಡಿಯ ತಲೆಯ ಕಡೆ ಕುಳಿತಿದ್ದ ಮೀನಾಕ್ಷಮ್ಮ ಅವನನ್ನು ದಿಟ್ಟಿಸಿದಳು.

“ಬಾವ,” ಎಂದಳು, “ಎರಡು ವರ್ಸ ಆಯ್ತಿದ್ದಂಗೆ ಇಲ್ಲಿಂದ್ಲೂ ಎಬ್ಬುಸ್ಬ್ಯಾಡ.”

ಹಿಡಿಯಲ್ಲಿದ್ದ ಮಣ್ಣು ಬೆರಳುಗಳ ಸಂದಿಯಿಂದ ತಾನಾಗಿ ಉದುರಿತು.

ಮೂರನೆಯ ದಿನ ಹಾಲುತುಪ್ಪ ಎರೆಯಲು ಹೋದವರು, ಗುಡ್ಡೆ ಅಷ್ಟರಲ್ಲೇ ಅರ್ಧ ಕುಸಿದಿತ್ತೆಂದು ಹೇಳಿದರು. ಅಂಕಯ್ಯ ಹೋಗಲಿಲ್ಲ. ಆ ದಿನಗಳಲ್ಲಿ ಅವನು ಡೇರಿಯ ಜಗಲಿಗೆ ಎಂದಿನಂತೆ ಹೋಗಿ ಕುಳಿತು ಬರುತ್ತಿದ್ದ. ಹಾಲು ಹಾಕಲು ಬಂದವರು ಕೊಬ್ಬಿನಂಶದ ಮಾತಾಡುತ್ತಿದ್ದರು, ನಾಲೆಯ ಮಾತಾಡುತ್ತಿದ್ದರು, ಯಾರೂ ಅವನನ್ನು ಕೆದಕುತ್ತಿರಲಿಲ್ಲ. ಮಾತು ಗೇಣಿಯ ಕಡೆಗೋ ಜಮೀನಿನ ಕಡೆಗೋ ಹೊರಳಿದರೆ ಯಾರೋ ಒಬ್ಬರು ಕ್ಯಾನು ಎತ್ತಿಕೊಂಡು ಏಳುತ್ತಿದ್ದರು.

ತಿಥಿಯ ದಿನ ಬೀರಯ್ಯನ ಮನೆಯ ಮುಂದೆ ಶಾಮಿಯಾನ ಕಟ್ಟಿದ್ದರು. ಅಂಕಯ್ಯ ಕಳಿಸಿದ ಅಕ್ಕಿಮೂಟೆ ಹಗ್ಗವನ್ನೂ ಬಿಚ್ಚದೆ ಜಗಲಿಯ ಮೂಲೆಯಲ್ಲಿತ್ತು. ಅನ್ನ ಬೇರೆ ಅಕ್ಕಿಯದು. ಅವನು ಉಂಡ. ಉಣ್ಣದಿದ್ದರೆ ಊರು ಇನ್ನೊಂದು ಮಾತಾಡುತ್ತದೆಂದು ಉಂಡ. ಜನ ಕರಗಿದ ಮೇಲೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾಗ, ಕೇಶಮುಂಡನ ಮಾಡಿಸಿಕೊಂಡಿದ್ದ ಹೇಮಂತ್ ಬಂದು ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

“ಬತ್ತ ಕುಯ್ದು, ನಿಮ್ ಅರ್ಧ ನಿಮ್ ಕಣಕ್ ಆಕ್ಬುಟ್ಟು, ತಾಕು ಬುಟ್ಬುಡ್ತೀವಿ ದೊಡ್ಡಯ್ಯ. ಅವ್ವನ್ನ ಗೆಜ್ಜಲಗೆರೆಗೆ ಕರ್ಕಂಡೋಯ್ತೀನಿ.”

“ಯಾಕ್ಲಾ? ನಿಮ್ಮವ್ವ ಇರೋಗಂಟ ಮಾಡ್ಕಳ್ಳಿ. ಯಾರು ಬ್ಯಾಡ ಅಂದೋರು?”

“ಇರೋಗಂಟ ಸರಿ. ಆಮ್ಯಾಲೆ?”

ಹೇಮಂತ್ ನೆಲದ ಮೇಲೆ ಬಿದ್ದಿದ್ದ ಒಂದು ಎಲೆಯ ಚೂರನ್ನು ಹರಿಯುತ್ತ ಮುಂದುವರಿಸಿದ: “ಅಲ್ಲೂ ಬಾಡಿಗೆ ಮನೆನೇ. ಸೇರೋವಾಗ್ಲೇ ಓನರ್ ಏಳ್ಬುಟ್ಟವ್ರೆ, ವಯಸ್ಸಾದೋರು ಇದ್ರೆ ಇರ್ಲಿ, ಏನಾದ್ರೂ ಎಚ್ಚುಕಮ್ಮಿ ಆದ್ರೆ ಎಣ ಮಾತ್ರ ಒಳಿಕ್ ತರಂಗಿಲ್ಲ ಅಂತ. ನಾನು ಊಂ ಅಂದೆ. ಏನ್ ಮಾಡ್ಲಿ.”

ಬಾಣಸಿಗರು ಹಂಡೆ ಉಜ್ಜುವ ಸದ್ದು ಹಿತ್ತಲಿನಿಂದ ಬರುತ್ತಿತ್ತು. ಇನ್ನು ಎದ್ದು ಹೋಗಬೇಕೆಂದು ಅಂಕಯ್ಯ ಕುರ್ಚಿಯ ಕೈ ಹಿಡಿದ. ಹುಡುಗ ಮಾತ್ರ ಕದಲಲಿಲ್ಲ. ಅವನ ಬೋಳುತಲೆಯ ಕೆಳಗೆ ಕಣ್ಣುಗಳು ಬೀರಯ್ಯನವೇ ಆಗಿದ್ದವು. ಅವುಗಳಲ್ಲಿ ಸಿಟ್ಟಿತ್ತೋ ದುಃಖವಿತ್ತೋ ಅಂಕಯ್ಯನಿಗೆ ಬಗೆಹರಿಯಲಿಲ್ಲ.

“ಮಳವಳ್ಳೀಲಿ ಎದ್ ನಿಂತ್ಕಂಡು ನೀವು ಏನಂದ್ರಿ ಅನ್ನೋದ್ನ ಇನ್ನೊಂದ್ಸಲ ಏಳಿ ದೊಡ್ಡಯ್ಯ,” ಎಂದ ಹೇಮಂತ್. “ಇಷ್ಟು ದಿವ್ಸ ಕತೆ ಅಂತ ಕೇಳ್ದೆ.”