ಕಳ್ಳ ತಿರುಗಿ ನೋಡದ ಮನೆ

ಅಕ್ಕ ಮಹಡಿಯಲ್ಲಿ ಮಲಗಿದ್ದಾಗ, ಹಾಡಹಗಲಲ್ಲೇ, ಕಳ್ಳ ಕೆಳಗೆ ಬಂದು ಹೋಗಿದ್ದ. ಕಳೆದದ್ದು ಅಮ್ಮನ ಬಳೆ, ಒಂದು ಹಳೆಯ ಗಡಿಯಾರ, ಅಷ್ಟೇ. ಆದರೆ ಅವುಗಳ ಜತೆ ತಮ್ಮನ ನಿದ್ದೆಯೂ ಹೋಯಿತು. ಅವನು ಪ್ರೆಸ್ಸಿನಲ್ಲಿ ಮುದ್ರಣ ಯಂತ್ರ ನಡೆಸುವವನು. ಮನೆಯಲ್ಲಿ ಅವರಿಬ್ಬರೇ, ಮಂಡಿನೋವಿನ ಅಕ್ಕ ಹಗಲೆಲ್ಲ ಒಬ್ಬಳೇ.

"ಇನ್ಮೇಲೆ ಕಳ್ಳ ಈ ಮನೆ ಕಡೆ ತಿರುಗೀನೂ ನೋಡಬಾರದು, ಹಾಗೆ ಮಾಡ್ತೀನಿ," ಎಂದು ಹಟ ತೊಟ್ಟ. ಅಕ್ಕ ಮುತುವರ್ಜಿಯಿಂದ ಬೆಳೆಸಿದ್ದ ಕಿಟಕಿಯ ಬಳ್ಳಿಯನ್ನು, ಕಳ್ಳನಿಗೆ ಮರೆಯಾಗುತ್ತದೆಂದು ಬುಡಸಮೇತ ಕಡಿದುಹಾಕಿದ. ಕಿಟಕಿಗಳಿಗೆಲ್ಲ ಕಂಬಿ, ಹಿಂದೆ ಮುಂದೆ ಕಬ್ಬಿಣದ ಬಾಗಿಲು. ಗೇಟಿಗೆ ಬಣ್ಣ ಬಳಿಸುವುದನ್ನೂ ಬಿಟ್ಟ. ಮನೆ ಪಾಳುಬಿದ್ದಂತೆ ಕಂಡಷ್ಟೂ ಒಳ್ಳೆಯದಂತೆ.

"ಜೈಲಿನವರು ನಿನ್ನ ಹತ್ರ ಪಾಠ ಹೇಳಿಸ್ಕೋಬೇಕು ಕಣೋ," ಎಂದು ಅಕ್ಕ ನಕ್ಕಳು. ಅವನು ನಗಲಿಲ್ಲ. ಬೆಲ್ಲು ಒತ್ತಿದವರಿಗೆಲ್ಲ ಇವಳು ಬಾಗಿಲು ತೆಗೆದುಬಿಡುತ್ತಾಳೆಂದು, ಎರಡು ಬಾಗಿಲಿಗೂ ಹೊರಗಿನಿಂದಲೇ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದ.

ಪಕ್ಕದ ಮನೆಯಲ್ಲಿ ಕೆಲಸದಿಂದ ನಿವೃತ್ತರಾದ ನರ್ಸೊಬ್ಬರಿದ್ದರು. ಬೀದಿಗೆಲ್ಲ ಅವರು ನರ್ಸಮ್ಮ. ಮಧ್ಯಾಹ್ನ ಬಂದು, ಅಕ್ಕನ ಮಂಡಿಗೆ ಎಣ್ಣೆ ತಿಕ್ಕಿ, ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು.

"ಹಳೇ ಕೀಲಿಕೈ ನನ್ನ ಹತ್ರ ಇತ್ತಲ್ಲಪ್ಪ, ಹೊಸದೂ ಒಂದು ಕೊಟ್ಟಿರು," ಎಂದು ಕೇಳಿದರು.

"ಬೇಡ ನರ್ಸಮ್ಮ. ನಿಮ್ಮನೆಗೆ ಯಾರ್ಯಾರೋ ಬಾಡಿಗೆಯವರು ಬಂದು ಹೋಗ್ತಾರೆ. ತಪ್ಪು ತಿಳ್ಕೋಬೇಡಿ."

ನರ್ಸಮ್ಮನ ಮುಖ ಸಣ್ಣಗಾಯಿತು. ಅಂದಿನಿಂದ ಕಿಟಕಿಯ ಹೊರಗೆ ನಿಂತೇ ಅಕ್ಕನನ್ನು ಮಾತಾಡಿಸುತ್ತಿದ್ದರು.

ಹಾಗೆ ಬಂದ ಒಂದು ಮಧ್ಯಾಹ್ನ, ಅಕ್ಕ ಎದೆ ಹಿಡಿದುಕೊಂಡು ನೆಲದ ಮೇಲೆ ಕುಸಿದಿದ್ದಳು. ನರ್ಸಮ್ಮ ಕೂಗಿಕೊಂಡರು. ಅಕ್ಕಪಕ್ಕದವರು ಹಾರೆ ತಂದು ಬಾಗಿಲು ಮೀಟಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಯಂತ್ರಗಳ ಸದ್ದಿನಲ್ಲಿ ತಮ್ಮನಿಗೆ ಫೋನು ಕೇಳಿಸಲಿಲ್ಲ. ಕೊನೆಗೆ ಯಾರೋ ಪ್ರೆಸ್ಸಿಗೇ ಓಡಿಹೋಗಿ ಕರೆತಂದರು. ಕೀಲಿ ತೂತಿಗೆ ಸಿಗದೆ ಒದ್ದಾಡಿ, ಅವನು ಒಳಗೆ ಹೋಗುವಷ್ಟರಲ್ಲಿ ಅಕ್ಕನ ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ, ನೆಂಟರೆಲ್ಲ ಹೊರಟ ನಂತರ, ಅವನು ನರ್ಸಮ್ಮನ ಮನೆಯ ಮೆಟ್ಟಿಲ ಬಳಿ ಹೋಗಿ ನಿಂತ.

"ಬಯ್ದುಬಿಡಿ ನರ್ಸಮ್ಮ. ಬಾಯಿಗೆ ಬಂದ ಹಾಗೆ ಬಯ್ಯಿರಿ."

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಹೇಳಿದರು: "ತೆವಳ್ಕೊಂಡು ಕಿಟಕಿ ಹತ್ರ ಬಂದ್ಲು. ಕಂಬಿ ಸಂದಿಯಿಂದ ಕೈ ಹಿಡ್ಕೊಂಡಿದ್ದೆ. ಕೈ ಸಿಕ್ತು, ಒತ್ತೋಕೆ ಎದೆ ಸಿಗಲಿಲ್ಲ."

"ಏನಾದ್ರೂ ಅಂದ್ಲಾ?"

"'ನನ್ನ ತಮ್ಮನಿಗೆ ಏನೂ ಅನ್ನಬೇಡಿ' ಅಂದ್ಲು. ಆಯ್ತಮ್ಮ ಅಂತ ಮಾತು ಕೊಟ್ಟೆ." ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದಕ್ಕೇ ಸುಮ್ಮನಿದ್ದೀನಿ. ಹೋಗಪ್ಪ ಇನ್ನು."

ಅವರು ಒಳಗೆ ಹೋದರು. ಅವನು ಮಾತ್ರ ಕತ್ತಲಾಗುವವರೆಗೂ ಆ ಮೆಟ್ಟಿಲ ಮೇಲೇ ಕುಳಿತಿದ್ದ.