ಸರಿಯುತ್ತರ ಕಳಿಸಿದವರು

ತೀರಿಕೊಂಡ ಮೂವತ್ತೊಂದನೆಯ ದಿನ ಅಬ್ದುಲ್ ರಹ್ಮಾನರ ಹೆಸರು ವಾರಪತ್ರಿಕೆಯಲ್ಲಿ ಬಂತು. ಗೂಢ ಪದಬಂಧದ ಕೆಳಗೆ, ಸರಿಯುತ್ತರ ಕಳಿಸಿದ ಆರು ಮಂದಿಯಲ್ಲಿ ಮೂರನೆಯದು: ಅಬ್ದುಲ್ ರಹ್ಮಾನ್, ಇಚಿಲಂಪಾಡಿ.

ಕಡಬ ಪೇಟೆಯ ಪಾತ್ರೆ ಅಂಗಡಿಯಿಂದ ಊಟಕ್ಕೆ ಬಂದ ಮಗ ಮುನವ್ವರ್ ಪತ್ರಿಕೆಯನ್ನು ತಾಯಿಯ ಮುಂದಿಟ್ಟ. ಯಾರೋ ತೀರಿಹೋದ ಉಪ್ಪನ ಹೆಸರಲ್ಲಿ ತಮಾಷೆ ಮಾಡಿದ್ದಾರೆ, ಪತ್ರಿಕೆಯವರಿಗೆ ಫೋನ್ ಮಾಡಿದ್ದೇನೆ, ಉತ್ತರ ಬರೆದ ಕಾರ್ಡಿನ ಫೋಟೊ ನಾಳೆ ಕಳಿಸುತ್ತಾರಂತೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ ಎಂದ. ಮೈಮೂನಮ್ಮ ಅನ್ನ ಬಡಿಸಿದರು, ಸಾರು ಬಡಿಸಿದರು. ಉಪ್ಪಿನಕಾಯಿ ಹಾಕಲಿಲ್ಲವೆಂದು ನೆನಪಾದದ್ದು ಅವನು ಕೈ ತೊಳೆದ ಮೇಲೆ.

ಆ ಕಾರ್ಡು ಬರೆದವರು ಅವರೇ.

ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದವರೂ ಅವರೇ. ರಹ್ಮಾನರು ಓದಿದ್ದು ಆರನೆಯ ತರಗತಿ. ಮೈಮೂನಮ್ಮ ಪುತ್ತೂರಿನಲ್ಲಿ ಬಿ.ಎ. ಮುಗಿಸಿದವರು. ಮೊದಲ ಸಲ ಪದಬಂಧ ತುಂಬಿಸಿದಾಗ, ನಿನ್ನ ಹೆಸರೇ ಹಾಕು ಎಂದು ಗಂಡ ಎರಡು ಸಲ ಹೇಳಿದ್ದರು. ಹೆಂಗಸಿನ ಹೆಸರು ಪೇಪರಿನಲ್ಲಿ ಯಾಕೆ, ನಿಮ್ಮದೇ ಇರಲಿ ಎಂದು ಇವರೇ ಹಾಕಿದ್ದು. ಹೆಸರು ಅಚ್ಚಾದ ಮೇಲೆ ರಹ್ಮಾನರ ಪಾತ್ರೆ ಅಂಗಡಿಯ ಬೆಂಚಿನಲ್ಲಿ ಕೂರುವವರು ಬಿಡಬೇಕಲ್ಲ? ಇದು ಹೇಗೆ ಬಂತು ರಹ್ಮಾನ್, ಅದು ಹೇಗೆ ಬಂತು ಎಂದು ಕೇಳತೊಡಗಿದರು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಪಾಠ, ಸೋಮವಾರ ಬೆಳಿಗ್ಗೆ ಬೆಂಚಿನಲ್ಲಿ ವಿವರಣೆ. 'ಹೊಳೆ ಹಿಂದಕ್ಕೆ ಹರಿದರೆ ಸೂರ್ಯ ಹುಟ್ಟಿ ಮುಳುಗುತ್ತಾನೆ' ಎಂಬ ಸುಳಿವು ರಹ್ಮಾನರಿಗೆ ಮೊದಲು ತಲೆಗೆ ಹೋದದ್ದು. ಹೊಳೆ ಎಂದರೆ ನದಿ, ಅಕ್ಷರ ತಿರುಗಿಸಿದರೆ ದಿನ. ಆ ಹೊತ್ತು ಅವರು ಚಹಾ ಆರುವ ತನಕ ನಗುತ್ತಿದ್ದರು.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡದ ಇದ್ದತ್‌ನಲ್ಲಿದ್ದಾರೆ ಮೈಮೂನಮ್ಮ. ನೆರೆಮನೆಯ ಪೂವಮ್ಮ ಹದಿನೇಳನೆಯ ದಿನ ಪತ್ರಿಕೆ ತಂದುಕೊಟ್ಟಿದ್ದರು. ಮೈಮೂನಮ್ಮ ಅಕ್ಕಿ ಆರಿಸುವ ಹಾಗೆ ಪದಬಂಧದ ಒಂದೊಂದೇ ಮನೆ ತುಂಬಿಸಿ, ಉತ್ತರಗಳನ್ನು ಕಾರ್ಡಿಗೆ ಇಳಿಸಿ, ಕೆಳಗೆ ಎಂದಿನ ಹೆಸರು ಬರೆದು, ಅಂಚೆಗೆ ಹಾಕಲು ಪೂವಮ್ಮನ ಕೈಗೆ ಕೊಟ್ಟರು. ಏನು ಬರೆದೆನೆಂದು ತಿರುಗಿ ನೋಡಿರಲಿಲ್ಲ.

ಮುನವ್ವರ್ ತಿರುಗಿ ಅಂಗಡಿಗೆ ಹೋದ ಮೇಲೆ ಪೂವಮ್ಮ ಅಡುಗೆಮನೆ ಬಾಗಿಲಿಗೆ ಬಂದರು. ಅವರ ಕೈಯಲ್ಲೂ ಪತ್ರಿಕೆ ಇತ್ತು.

"ನಾನು ಅವತ್ತೇ ಓದಿದ್ದೆ ಮೈಮೂನಮ್ಮ," ಎಂದರು. "ಹೆಸರು ತಿದ್ದಿ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಹಳೆಯ ಕಾರ್ಡು, ಅಂಚೆಯಲ್ಲಿ ತಡವಾಯಿತು ಎಂದರೆ ಮುಗಿಯಿತಲ್ಲ, ಬೇಕಾದರೆ ನಾನೇ ಹೇಳುತ್ತೇನೆ ಎಂದೂ ಹೇಳಿದರು. ಪೂವಮ್ಮ ಜನ್ಮದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರಲ್ಲ. ಆದರೂ ಹೇಳಲು ಸಿದ್ಧವಾಗಿದ್ದರು. ಆದರೆ ಆ ಪದಬಂಧ ಅಚ್ಚಾದದ್ದೇ ರಹ್ಮಾನರು ಹೋದ ಮೇಲೆ. ನಾಳೆ ಫೋಟೊ ಬಂದರೆ ಮಗ ತಾಯಿಯ ಅಕ್ಷರ ಗುರುತಿಸುತ್ತಾನೆ, ಬೆಂಚಿನವರಿಗೂ ಗೊತ್ತಾಗುತ್ತದೆ. ಹನ್ನೊಂದು ವರ್ಷ ಹೆಂಡತಿಯ ಬುದ್ಧಿಯನ್ನು ತನ್ನದೆಂದು ತೋರಿಸಿದವ ಎಂದಾರು. ಸತ್ತವರು ಎದ್ದು ಬಂದು ಉತ್ತರ ಹೇಳಲಿಕ್ಕುಂಟೇ? ಮೈಮೂನಮ್ಮನಿಗೆ ಇದೆಲ್ಲ ತಿಳಿಯುತ್ತಿತ್ತು. ಹೆದರಿಕೆ ಮಾತ್ರ ಹತ್ತಿರ ಬರುತ್ತಿರಲಿಲ್ಲ, ಮರಗಟ್ಟಿದ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ.

ಸಂಜೆ ಮಗನನ್ನು ಕೂರಿಸಿ ಹೇಳಿದರು. ಅವನು ನಂಬಲಿಲ್ಲ. ಪತ್ರಿಕೆ ಎತ್ತಿ, ಈ ವಾರದ ಹೊಸ ಪದಬಂಧದಲ್ಲಿ ಕಣ್ಣಿಗೆ ಬಿದ್ದ ಸುಳಿವನ್ನು ಓದಿದ: "'ಏಳು ದಿನದ ಮೊದಲು ರೀತಿ ಬಂದರೆ ಮನೆಮಂದಿಯೆಲ್ಲ. ನಾಲ್ಕು ಅಕ್ಷರ.' ಇದು ಎಂತ ಉಮ್ಮ?"

"ಮೊದಲು ಒಡೆಯಬೇಕು. ಏಳು ದಿನ ಅಂದರೆ ವಾರ. ರೀತಿ ಅಂದರೆ ಪರಿ. ಪರಿ ಮೊದಲು, ವಾರ ಮತ್ತೆ. ಪರಿವಾರ."

ಮುನವ್ವರ್ ಪತ್ರಿಕೆ ಕೆಳಗಿಟ್ಟ. ಮೊದಲು ಒಡೆಯಬೇಕು ಎಂದು ಉಪ್ಪ ಬೆಂಚಿನವರಿಗೆ ಹೇಳುತ್ತಿದ್ದದ್ದು ಇದೇ ಸ್ವರದಲ್ಲಿ. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಲೇಸು ಎಂದು ಕೊನೆಗೆ ಎದ್ದ. ಬೆಂಚಿನವರಲ್ಲಿ ಹಿರಿಯರು ನಿವೃತ್ತ ಮಾಸ್ಟ್ರು ಬೋಜಪ್ಪ ಗೌಡರು. ನಾಳೆ ಅವರಿಗೆ ಹೇಳಿ, ತಂದೆಯ ಪರವಾಗಿ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ ಎಂದ.

ಮರುದಿನ ಸೋಮವಾರ ಅವನು ಊಟಕ್ಕೆ ಬಂದಾಗ ಎರಡು ಗಂಟೆ ದಾಟಿತ್ತು. ಚಪ್ಪಲಿ ಬಿಟ್ಟವನು ಅಡುಗೆಮನೆಯ ಹೊಸ್ತಿಲಲ್ಲೇ ಕೂತ.

"ಅವರಿಗೆಲ್ಲ ಗೊತ್ತಿತ್ತಂತೆ ಉಮ್ಮ."

"ಯಾವಾಗಿಂದ?"

"ಮೊದಲ ವರ್ಷದಿಂದ. ಉಪ್ಪನೇ ಹೇಳಿದ್ದಂತೆ. ಮನೆಯಲ್ಲಿ ಓದಿದವರು ಇದ್ದಾರೆ, ನಾನು ಬರೀ ಹೊತ್ತು ತರುವವ ಅಂತ."

ಮತ್ತೆ ಯಾಕೆ ಯಾರೂ ಬಾಯಿ ಬಿಡಲಿಲ್ಲ ಎಂದು ಮೈಮೂನಮ್ಮ ಕೇಳಿದರು. ಬಿಡಬೇಡಿ ಎಂದದ್ದೂ ರಹ್ಮಾನರೇ. ಹೊರಗೆ ಗೊತ್ತಾಗಿದೆ ಎಂದು ತಿಳಿದರೆ ಅವಳು ನಾಚಿಕೊಂಡು ಬಿಟ್ಟುಬಿಡುತ್ತಾಳೆ, ಭಾನುವಾರ ಅವಳ ಮುಖ ನೋಡಬೇಕು ಮಾರಾಯ್ರೆ, ಎಂದಿದ್ದರಂತೆ. ಅಂದಿನಿಂದ ಬೆಂಚಿನವರು ರಹ್ಮಾನರು ಕಲಿತು ಬಂದದ್ದಕ್ಕಿಂತ ಹೆಚ್ಚು ಒಂದು ಮಾತೂ ಕೇಳಿದವರಲ್ಲ. ಬೋಜಪ್ಪ ಗೌಡರಿಗೆ ಎಷ್ಟೋ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಆದರೂ ಹೌದಾ ಎಂದು ಕೇಳಿಸಿಕೊಂಡು, ಮನೆಯವರಿಗೆ ತಲುಪಲಿ ಎಂದು ಭೇಷ್ ಅನ್ನುತ್ತಿದ್ದರು. ಆ ಭೇಷ್ ಅನ್ನು ರಹ್ಮಾನರು ತಪ್ಪದೆ ಮನೆಗೆ ತರುತ್ತಿದ್ದರು. ಅದು ಗಂಡನನ್ನು ಹೊಗಳಿದ್ದೆಂದು ಮೈಮೂನಮ್ಮ ಎಣಿಸುತ್ತಿದ್ದರು.

ಬೆಂಚಿನವರಿಗೆ ಗೊತ್ತುಂಟೆಂದು ಹನ್ನೊಂದು ವರ್ಷ ತಿಳಿಯದೆ ಇದ್ದದ್ದು ತನಗೂ ಮಗನಿಗೂ ಮಾತ್ರ. ಅಳು ಬರಬಹುದೆಂದು ಮೈಮೂನಮ್ಮ ಕಾದರು. ಬರಲಿಲ್ಲ. ಮಣೆ ಎಳೆದು ಕುಳಿತರು.

ಮುನವ್ವರ್ ಕಿಸೆಯಿಂದ ಮಡಚಿದ ಪತ್ರಿಕೆ ತೆಗೆದ. ಒಂದು ಸುಳಿವಿಗೆ ಬೋಜಪ್ಪ ಗೌಡರು ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಬೆಂಚಿನಲ್ಲಿ ಯಾರಿಗೂ ಆಗಲಿಲ್ಲ, ಕೇಳಿಕೊಂಡು ಬಾ ಎಂದಿದ್ದಾರಂತೆ. 'ಸೊನ್ನೆ ಹೊತ್ತ ಮೊದಲಕ್ಷರ ಗಡಿಗೆ ಬಂದರೆ ವ್ಯಾಪಾರ ಶುರು. ಮೂರು ಅಕ್ಷರ.'

"ಮೊದಲಕ್ಷರ ಅ. ಅದಕ್ಕೆ ಸೊನ್ನೆ ಕೊಟ್ಟರೆ ಅಂ. ಗಡಿ ಹಾಗೆಯೇ ಉಂಟು, ಮುಂದೆ ಅಂ ಇಡು."

"ಅಂಗಡಿ," ಎಂದ ಮುನವ್ವರ್. ನಾಳೆ ಹೇಳಬೇಕಲ್ಲ ಎಂದು ಒಂದು ಸಲ ತಾನೇ ಹೇಳಿ ನೋಡಿದ. ಸೊನ್ನೆಯನ್ನು ಗಡಿಯ ಮೇಲೆ ಹೊರಿಸಿದ. ಮೈಮೂನಮ್ಮ ಅಲ್ಲ ಎಂದು ತಲೆಯಾಡಿಸಿ, ಮೊದಲಿನಿಂದ ಮತ್ತೆ ಹೇಳಿಕೊಟ್ಟರು.