ಶನಿವಾರದ ಟ್ಯಾಂಕು

ಬಿರಾಂಗ ಹಳ್ಳದ ದಂಡೆಯಲ್ಲಿ ನಡುಬೇಸಿಗೆಯ ಜನವರಿ ಬಂತೆಂದರೆ ಮಾರ್ನಿ ಕ್ವಿಲ್ಟಿಯ ಬೋರಿನ ನಲ್ಲಿ ಕೆಮ್ಮಲು ಶುರುಮಾಡುತ್ತದೆ. ಮೊದಲು ಗಾಳಿ, ಆಮೇಲೆ ಕೆಸರು, ಕೊನೆಗೆ ಅದೂ ಇಲ್ಲ. ಅವಳ ನಲವತ್ತು ಮೇಕೆಗಳು ಒಣ ತೊಟ್ಟಿಯ ಸುತ್ತ ನಿಂತು ಅರಚುತ್ತವೆ.

ಆಗೆಲ್ಲ ಅವಳಿಗೆ ಆಸರೆಯಾದವನು ಪಕ್ಕದ ಹೊಲದ ನೆವಿಲ್ ಟ್ರೆಲೋರ್. ಎರಡು ಬೇಸಿಗೆಯಿಂದ ಪ್ರತಿ ಶನಿವಾರ ತನ್ನ ಬೋರಿನಿಂದ ದೊಡ್ಡ ಟ್ಯಾಂಕು ತುಂಬಿಸಿ, ಗಾಡಿಗೆ ಕಟ್ಟಿಕೊಂಡು ಹೋಗಿ ಅವಳ ತೊಟ್ಟಿಗೆ ಸುರಿದು ಬರುತ್ತಿದ್ದ. ನೆರೆಯವರ ಹತ್ತಿರ ನೀರಿಗೆ ಕಾಸು ಕೇಳುವ ವಾಡಿಕೆ ಅಲ್ಲಿಲ್ಲ. ಮಾರ್ನಿ ಒಂದುಂಡೆ ಮೇಕೆ ಹಾಲಿನ ಚೀಸು ಕೊಡುತ್ತಿದ್ದಳು. ಅವನಿಗೆ ಅದರ ವಾಸನೆಯೇ ಆಗದು, ಆದರೂ ಸುಮ್ಮನೆ ತೆಗೆದುಕೊಳ್ಳುತ್ತಿದ್ದ.

ಈ ಬೇಸಿಗೆ ಅವನಿಗೆ ಸಾಕುಸಾಕಾಗಿತ್ತು. ನಲವತ್ತೆರಡು ಡಿಗ್ರಿ ಬಿಸಿಲು. ಅದರ ಮೇಲೆ ನೀರಿನ ಸಮಿತಿಯ ಸಭೆಗಳ ಕಾಟ. ನದಿ ಕಣಿವೆಯ ಬೋರುಗಳಿಗೆಲ್ಲ ಮೀಟರು ಹಾಕಿಸಬೇಕಂತೆ, ನೀರು ಕೆಳಗಿಳಿದ ವರ್ಷ ಪ್ರತಿಯೊಬ್ಬರೂ ಪಾಲು ತಗ್ಗಿಸಿಕೊಳ್ಳಬೇಕಂತೆ. ಶುಕ್ರವಾರ ನಡೆದದ್ದು ಆರನೆಯ ಸಭೆ. ಹೇಳುವವರಿಗೂ ಬೇಸರ, ಕೇಳುವವರಿಗೂ ಬೇಸರ.

"ಹೊಳೆ ನೀರು ಎಲ್ಲರದ್ದು, ಒಪ್ಪಿದೆ. ನನ್ನ ಹೊಲದ ಕೆಳಗಿರೋದು ನಂದು. ಅದನ್ನ ಅಳೆಯೋಕೆ ಇವರ್ಯಾರು?" ಎಂದು ನೆವಿಲ್ ಎದ್ದು ಬಂದುಬಿಟ್ಟ.

ಹೊರಗೆ ಮಾರ್ನಿ ಅವನನ್ನು ತಡೆದು ನಿಲ್ಲಿಸಿದಳು. ಮುಂದಿನ ಶುಕ್ರವಾರ ಮೇಕೆ ಕೊಳ್ಳುವವರ ಲಾರಿ ಬರುತ್ತದೆ, ಎಲ್ಲವನ್ನೂ ಕೊಟ್ಟು ಪೇಟೆ ಸೇರುತ್ತೇನೆ ಅಂದಳು. "ವಾರಕ್ಕೊಂದು ಟ್ಯಾಂಕಲ್ಲಿ ಮೇಕೆ ಸಾಕೋಕಾಗಲ್ಲ ನೆವ್. ನಂಗೂ ಸುಸ್ತಾಯ್ತು." ಇಪ್ಪತ್ತು ವರ್ಷದ ನೆರೆಹೊರೆ.

ಮರುದಿನ ಅವನು ಎಂದಿನಂತೆ ಟ್ಯಾಂಕು ಒಯ್ದಾಗ ಅಲ್ಲಿ ಡೆಸ್ ಹೂಪರ್ ಇದ್ದ. ಇಬ್ಬರ ಬೋರನ್ನೂ ಕೊರೆದವನು ಅವನೇ. ಈಗ ಕೊರೆಯುವುದು ಬಿಟ್ಟು ಕಣಿವೆಯ ನೀರಿನ ಸಮಿತಿಗಾಗಿ ಬೋರುಗಳ ಮಟ್ಟ ಅಳೆಯುತ್ತಾನೆ. ಅವನ ಉದ್ದನೆಯ ಟೇಪಿನ ತುದಿಗೊಂದು ಸೀಟಿ ಕಟ್ಟಿದೆ. ನೀರು ಮುಟ್ಟಿದೊಡನೆ ಅದು ಕೂಗುತ್ತದೆ. ಮಾರ್ನಿಯ ಬೋರಿನಲ್ಲಿ ಅದು ಕೂಗಿದ್ದು ಹತ್ತೊಂಬತ್ತು ಮೀಟರು ಇಳಿದ ಮೇಲೆ. ಅವಳ ಪಂಪು ಕೂತಿರುವುದೇ ಹದಿನೆಂಟರಲ್ಲಿ. ನೆವಿಲ್‌ನದು ಎಂಬತ್ತು ಮೀಟರಿನ ಬೋರು, ಅವನ ಮೇವಿನ ಹೊಲಕ್ಕೆಲ್ಲ ಅದರದೇ ನೀರು.

"ಮಳೆ ಇಲ್ಲ ಅಂದ್ರೆ ನಾನೇನು ಮಾಡ್ಲಿ ಕಣೋ?" ಅಂದ ನೆವಿಲ್.

ಡೆಸ್ ವಾದಕ್ಕೆ ಇಳಿಯಲಿಲ್ಲ. ಮೇವು ಯಾವಾಗ ಕೊಯ್ಯುತ್ತೀಯ ಎಂದು ಕೇಳಿದ. ಮಂಗಳವಾರ ಎಂಬ ಉತ್ತರ ಬಂತು. ಕೊಯ್ಲಿಗೆ ಮೊದಲು ನೆಲ ಒಣಗಬೇಕು, ಆಮೇಲೆ ಮೇವು ಒಣಗಬೇಕು. ಅಲ್ಲಿಯ ತನಕ ಹೊಲಕ್ಕೆ ಹೇಗೂ ನೀರು ಬಿಡುವುದಿಲ್ಲ. "ಹಂಗಿದ್ರೆ ಇವತ್ತೇ ಪಂಪು ನಿಲ್ಲಿಸು. ಗುರುವಾರ ನೋಡೋಣ," ಅಂದ ಡೆಸ್.

ಗುರುವಾರ ಮಾರ್ನಿಯ ಬೋರಿನ ಹತ್ತಿರ ಅವನು ಟೇಪನ್ನು ನೆವಿಲ್ ಕೈಗೇ ಕೊಟ್ಟ. ಹನ್ನೆರಡು ಮೀಟರಿಗೇ ಸೀಟಿ ಕೂಗಿತು. ನೆವಿಲ್ ಮೇಲೆಳೆದು ಮತ್ತೆ ಇಳಿಸಿದ. ಮತ್ತೆ ಹನ್ನೆರಡೇ. ಆ ಐದು ದಿನದಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ.

"ಬೇರೇನೂ ಬದಲಾಗಿಲ್ಲ. ನಿನ್ನ ಪಂಪು ನಿಂತಿದೆ, ಅಷ್ಟೆ," ಅಂದ ಡೆಸ್. "ನಿನ್ನ ಬೇಲಿ ಮಣ್ಣಿನ ಮೇಲಿದೆ ನೆವ್, ಕೆಳಗಿಲ್ಲ. ಕೆಳಗೆ ಎಲ್ಲರ ನೀರೂ ಇರೋದು ಒಂದೇ ಜಲ್ಲಿ ಪದರದಲ್ಲಿ. ನೀನು ಜೋರಾಗಿ ಎಳೆದ್ರೆ ಮೊದಲು ಇವಳ ಬೋರು ಬತ್ತುತ್ತೆ, ಆಮೇಲೆ ಹಳ್ಳ, ಆಮೇಲೆ ಹೊಳೆ." ಮನೆಗೆ, ದನಕರುಗಳಿಗೆ ಬೇಕಾದ ನೀರು ಮೊದಲು, ಉಳಿದದ್ದು ಪಾಲಿನ ಪ್ರಕಾರ ಹೊಲಗಳಿಗೆ, ಹಳ್ಳಕ್ಕೆ ಹತ್ತಿರದ ಬೋರುಗಳು ಸರದಿಯಲ್ಲಿ ಓಡಬೇಕು, ಹೊಸ ನಿಯಮದಲ್ಲಿ ಇರುವುದು ಇಷ್ಟೇ ಎಂದು ವಿವರಿಸಿದ. ಅಳೆಯದೆ ಪಾಲು ಮಾಡುವುದು ಹೇಗೆ? ಮೀಟರು ಅದಕ್ಕೇ.

ಮಾರ್ನಿ ನಲ್ಲಿ ತಿರುಗಿಸಿದಳು. ಕೆಂಪು ನೀರು ಹೋಗಿ ತಿಳಿ ನೀರು ಬಂತು. ಕೈ ತೊಳೆದುಕೊಂಡು, ಸಿಟ್ಟಿಲ್ಲದೆಯೇ ಅಂದಳು:

"ಎರಡು ಬೇಸಿಗೆ ನನ್ನ ನೀರನ್ನೇ ನಂಗೆ ತಂದುಕೊಟ್ಟೆ ನೆವ್. ನಾನು ಚೀಸು ಬೇರೆ ಕೊಟ್ಟೆ."

ನೆವಿಲ್ ತೊಟ್ಟಿಯ ಅಂಚಿನ ಮೇಲೆ ಕುಳಿತುಬಿಟ್ಟ. ಮೈಯೆಲ್ಲ ನಾಚಿಕೆ. ಉಪಕಾರ ಮಾಡುತ್ತಿದ್ದೇನೆಂದು ಎಷ್ಟು ಬೀಗಿದ್ದನಲ್ಲ! "ಲಾರಿ ಬರೋದು ಬೇಡ ಅಂತ ಹೇಳು," ಅಂದ.

ಮನೆಯಲ್ಲಿ ಹೆಂಡತಿ ಗ್ವೆನ್ ಮೀಟರಿನ ಅರ್ಜಿಯನ್ನು ಮೊದಲನೆಯ ಸಭೆಯ ದಿನವೇ ತುಂಬಿಟ್ಟಿದ್ದಳು. ಸಹಿಯೊಂದು ಬಾಕಿ ಇತ್ತು. ನೆವಿಲ್ ನಿಂತಲ್ಲೇ ಸಹಿ ಹಾಕಿದ. ಪಾಲು ತಗ್ಗಿದರೆ ಅರ್ಧ ಹೊಲದ ಮೇವು ಹೋಗುತ್ತದೆಂದು ಅವನಿಗೆ ಗೊತ್ತಿತ್ತು, ಅದರ ಸಂಕಟವೂ ಇತ್ತು. ಶನಿವಾರ ಅಭ್ಯಾಸಬಲದಿಂದ ಟ್ಯಾಂಕನ್ನು ಗಾಡಿಗೆ ಕಟ್ಟಿದ, ನೆನಪಾಗಿ ಬಿಚ್ಚಿದ. ಬೇಲಿಯಾಚೆ ಮೇಕೆಗಳು ಅರಚುತ್ತಿರಲಿಲ್ಲ.

ಬೋರಿನ ಒಡೆಯರೇ, ನೀವೂ ದಣಿದಿದ್ದೀರಿ, ಬಲ್ಲೆವು. ಇನ್ನೊಂದು ಸಭೆ, ಇನ್ನೊಂದು ಅರ್ಜಿ ಯಾರಿಗೆ ಬೇಕು? ಆದರೂ ನಿಮ್ಮ ಬೋರಿಗೆ ಮೀಟರು ಹಾಕಿಸಿ. ಸರದಿ ಬಂದಾಗ ಪಂಪು ನಿಲ್ಲಿಸಿ, ಪಕ್ಕದವರ ಬೋರಿನ ಹತ್ತಿರ ಹೋಗಿ ಸೀಟಿ ಎಷ್ಟು ಆಳದಲ್ಲಿ ಕೂಗುತ್ತದೆಂದು ನೀವೇ ಕೇಳಿ. ನೆರೆಮನೆಗೆ ನೀರು ಹೊರುವ ಮುನ್ನ, ಅದು ಯಾರ ನೀರು ಎಂದು ಒಮ್ಮೆ ಕೇಳಿಕೊಳ್ಳಿ.